ಮ್ಯಾಗ್ನೆಟಿಕ್ ಚಾರ್ಜಿಂಗ್ ಕೇಬಲ್: ಕೊಳ್ಳುವುದು, ಕೂರಿಸುವುದು, ಕಾಪಾಡುವುದು

ಮೈಸೂರಿನ ದೇವರಾಜ ಅರಸು ರಸ್ತೆಯ ಮೊಬೈಲ್ ರಿಪೇರಿ ಅಂಗಡಿಗೆ ಹೋದರೂ, ಮಂಡ್ಯದ ಬಸ್ ಸ್ಟ್ಯಾಂಡ್ ಆಸುಪಾಸಿನ ಅಂಗಡಿಗೆ ಹೋದರೂ ಒಂದು ದೂರು ತಪ್ಪದೆ ಕಿವಿಗೆ ಬೀಳುತ್ತದೆ: "ಚಾರ್ಜರ್ ಪಿನ್ನು ಒಂದು ಕಡೆ ಒತ್ತಿ ಹಿಡ್ಕೊಂಡ್ರೆ ಮಾತ್ರ ಚಾರ್ಜ್ ಆಗುತ್ತೆ ಅಣ್ಣ." ಮೈಕ್ರೋ ಯುಎಸ್‌ಬಿ ಆಗಲಿ, ಟೈಪ್ ಸಿ ಆಗಲಿ, ಒಳ್ಳೆಯ ಜಾಕ್, ಅಂದರೆ ಫೋನಿನ ಚಾರ್ಜಿಂಗ್ ಕಿಂಡಿ, 10,000 ಸಲ ಚುಚ್ಚಿ ತೆಗೆದರೂ ತಡೆಯುವಂತೆ ಮಾಡಿರುತ್ತಾರೆ. ದಿನಕ್ಕೆ ಮೂರು ಸಲ ಎಂದರೂ ಒಂಬತ್ತು ವರ್ಷ ಬರಬೇಕು. ಆದರೂ ಎರಡೇ ವರ್ಷಕ್ಕೆ ಸಡಿಲವಾಗುತ್ತದೆ. ಕಾರಣ ಎರಡು. ಮಲಗಿಕೊಂಡು ಫೋನ್ ನೋಡುವಾಗ ಕೇಬಲ್ ಹೊಟ್ಟೆಗೆ ಒತ್ತಿ ಜಾಕ್ ಪಕ್ಕಕ್ಕೆ ಬಾಗುತ್ತದೆ, ಒಳಗಿನ ಬೆಸುಗೆ ಬಿಡುತ್ತದೆ. ಇಲ್ಲವೇ ಜೇಬಿನ ನೂಲು, ಧೂಳು ಒಳಗೆ ಸೇರಿ ಪ್ರತಿ ಸಲ ಚುಚ್ಚಿದಾಗಲೂ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ.

ಮ್ಯಾಗ್ನೆಟಿಕ್ ಕೇಬಲ್ ಈ ಎರಡಕ್ಕೂ ಮದ್ದು. ಇದರಲ್ಲಿ ಎರಡು ಭಾಗ. ಜಾಕ್ ಒಳಗೆ ಕಾಯಂ ಆಗಿ ಕೂರುವ ಪುಟ್ಟ ತುಂಡು ಟಿಪ್. ಕೇಬಲ್ ಕೊನೆಯಲ್ಲಿ ಅಯಸ್ಕಾಂತ ಇರುವ ಭಾಗ ಹೆಡ್. ಹೆಡ್ಡನ್ನು ಹತ್ತಿರ ತಂದರೆ ತಾನೇ ಕಚ್ಚಿಕೊಳ್ಳುತ್ತದೆ, ಯಾರಾದರೂ ಕೇಬಲ್ ಎಡವಿದರೆ ಫೋನ್ ಕೆಳಗೆ ಬೀಳದೆ ಹೆಡ್ ಮಾತ್ರ ಬಿಟ್ಟುಕೊಳ್ಳುತ್ತದೆ. ಜಾಕ್ ಬಾಯಿಗೆ ಟಿಪ್ಪೇ ಮುಚ್ಚಳವಾಗುವುದರಿಂದ ಧೂಳೂ ಹೋಗುವುದಿಲ್ಲ.

ಈ ಕೇಬಲ್ ಇರುವುದು ಜಾಕ್ ಉಳಿಸಲು. ವೇಗವಾಗಿ ಚಾರ್ಜ್ ಮಾಡಬೇಕೆಂದು ಕೊಂಡವರಿಗೆ ನಿರಾಸೆಯಾಗುತ್ತದೆ, ಕೆಲವೊಮ್ಮೆ ಜೇಬಿಗೆ ಕತ್ತರಿಯೂ ಬೀಳುತ್ತದೆ. ಕಡಿಮೆ ವ್ಯಾಟ್‌ನಲ್ಲಿ, ಶುಚಿಯಾಗಿಟ್ಟುಕೊಂಡು ಬಳಸಿದರೆ ವರ್ಷಗಟ್ಟಲೆ ಒಳ್ಳೆಯ ಸೇವೆ ಕೊಡುವ ವಸ್ತು ಇದು.

ಫೋನಿನ ಹಿಂಬದಿಗೆ ಅಂಟಿಕೊಂಡು ತಂತಿಯಿಲ್ಲದೆ ಚಾರ್ಜ್ ಮಾಡುವ ಬಿಲ್ಲೆ, ಅಂದರೆ ಐಫೋನ್ 12ರಿಂದ ಬಂದ ಮ್ಯಾಗ್‌ಸೇಫ್ ಅಥವಾ ಈಚಿನ ಚೀ-2 (Qi2) ಚಾರ್ಜರ್, ಬೇರೆಯೇ ತಂತ್ರಜ್ಞಾನ. ಅದರಲ್ಲಿ ಅಯಸ್ಕಾಂತದ ಕೆಲಸ ಬಿಲ್ಲೆಯನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವುದಷ್ಟೆ. ಇಲ್ಲಿ ಹೇಳುತ್ತಿರುವುದು ಲೋಹಕ್ಕೆ ಲೋಹ ತಾಗಿ ಕರೆಂಟ್ ಹರಿಯುವ ಕೇಬಲ್ ಬಗ್ಗೆ.

ಯಾವುದಕ್ಕೆ ಸರಿ, ಯಾವುದಕ್ಕೆ ಬೇಡ

ಮೊದಲು ನಿಮ್ಮ ಅಡಾಪ್ಟರ್ ಕೈಗೆತ್ತಿಕೊಂಡು ಹಿಂದಿನ ಸಣ್ಣ ಅಕ್ಷರ ಓದಿ. ಔಟ್‌ಪುಟ್ ಎಂದಿರುವ ಸಾಲಿನಲ್ಲಿ 5 ವೋಲ್ಟ್ 2 ಆಂಪಿಯರ್, 9 ವೋಲ್ಟ್ 2 ಆಂಪಿಯರ್ ಎಂದು ಬರೆದಿರುತ್ತದೆ. ಎರಡನ್ನೂ ಗುಣಿಸಿದರೆ ವ್ಯಾಟ್. 5ನ್ನು 2ರಿಂದ ಗುಣಿಸಿದರೆ 10 ವ್ಯಾಟ್, 9ನ್ನು 2ರಿಂದ ಗುಣಿಸಿದರೆ 18.

10 ವ್ಯಾಟ್‌ವರೆಗಿನ ಯಾವ ಸಾಧನಕ್ಕೂ ಮ್ಯಾಗ್ನೆಟಿಕ್ ಕೇಬಲ್ ಚೆನ್ನಾಗಿ ಒಗ್ಗುತ್ತದೆ. ಬ್ಲೂಟೂತ್ ಸ್ಪೀಕರ್, ಟ್ರಿಮ್ಮರ್, ಇಯರ್‌ಬಡ್ ಡಬ್ಬಿ, ರಾತ್ರಿ ಗದ್ದೆಗೆ ನೀರು ಹಾಯಿಸಲು ಹೋಗುವವರ ತಲೆಗೆ ಕಟ್ಟುವ ಟಾರ್ಚ್, ಕೀಪ್ಯಾಡ್ ಫೋನು, ಹಳೆಯ ಟ್ಯಾಬ್, ಇವೆಲ್ಲ ಇದರ ಪಾಲಿಗೆ ಹೇಳಿ ಮಾಡಿಸಿದವು. ಮನೆಯಲ್ಲಿ ಕಣ್ಣು ಮಂಜಾದ ಅಥವಾ ಕೈ ನಡುಗುವ ಹಿರಿಯರಿದ್ದರೆ ಬೇರೆ ಯೋಚನೆ ಬೇಡ, ಅವರ ಫೋನಿಗೆ ಮೊದಲು ಇದನ್ನು ಹಾಕಿಕೊಡಿ. ಮೈಕ್ರೋ ಯುಎಸ್‌ಬಿ ಪಿನ್ನನ್ನು ಉಲ್ಟಾ ಚುಚ್ಚಿ ಜಾಕ್ ಮುರಿಯುವ ಗೋಳು ಅಲ್ಲಿಗೆ ಮುಗಿಯುತ್ತದೆ.

18 ವ್ಯಾಟ್ ಫೋನಿಗೆ ಒಳ್ಳೆಯ ಕೇಬಲ್ ಆಗಿದ್ದರೆ ಆಗಬಹುದು, ಪರೀಕ್ಷಿಸಿಯೇ ಒಪ್ಪಿಕೊಳ್ಳಬೇಕು. 33, 67, 80 ವ್ಯಾಟ್ ಎಂದು ಬರುವ ಫೋನುಗಳ ವೇಗ ಅವುಗಳದ್ದೇ ಅಡಾಪ್ಟರ್ ಮತ್ತು ಅವುಗಳದ್ದೇ ಕೇಬಲ್ ಸೇರಿದಾಗ ಮಾತ್ರ ಸಿಗುತ್ತದೆ. ಮ್ಯಾಗ್ನೆಟಿಕ್ ಕೇಬಲ್ ಹಾಕಿದರೆ ಅವು ಸಾಮಾನ್ಯವಾಗಿ ನಿಧಾನ ಚಾರ್ಜಿಂಗಿಗೆ ಇಳಿಯುತ್ತವೆ. ರಾತ್ರಿಯಿಡೀ ಚಾರ್ಜಿಗಿಟ್ಟು ಮಲಗುವವರಿಗೆ ಅದರಿಂದ ನಷ್ಟವಿಲ್ಲ. ಬೆಳಗ್ಗೆ ಮೈಸೂರು-ಬೆಂಗಳೂರು ರೈಲು ಹತ್ತುವ ಮುಂಚೆ ಅರ್ಧ ಗಂಟೆಯಲ್ಲಿ ತುಂಬಿಸಿಕೊಳ್ಳಬೇಕಾದವರಿಗೆ ಕಂಪನಿ ಕೇಬಲ್ಲೇ ಸರಿ.

ಲ್ಯಾಪ್‌ಟಾಪಿಗೆ ಬೇಡ. 100 ವ್ಯಾಟ್, 140 ವ್ಯಾಟ್ ಎಂದು ಬರೆದು ಮಾರುವ ಮ್ಯಾಗ್ನೆಟಿಕ್ ಟೈಪ್ ಸಿ ಟಿಪ್‌ಗಳಿವೆ, ಅವನ್ನು ನೋಡಿ ಮರುಳಾಗಬೇಡಿ. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟೈಪ್ ಸಿ ಜಾಕಿನೊಳಗೆ 24 ಕಾಂಟ್ಯಾಕ್ಟ್‌ಗಳು, ಅಂದರೆ ಪಿನ್ನಿಗೆ ತಾಗುವ ಪುಟ್ಟ ಲೋಹದ ಪಟ್ಟಿಗಳಿವೆ, ಒಂದಕ್ಕೂ ಮತ್ತೊಂದಕ್ಕೂ ನಡುವೆ ಅಂತರ ಅರ್ಧ ಮಿಲಿಮೀಟರ್. ಕರೆಂಟ್ ತರುವ ಕಾಂಟ್ಯಾಕ್ಟಿನ ಪಕ್ಕದಲ್ಲೇ ಸಿಸಿ ಎಂಬ ಕಾಂಟ್ಯಾಕ್ಟ್ ಇದೆ. ಎಷ್ಟು ವೋಲ್ಟ್ ಬೇಕು ಎಂದು ಚಾರ್ಜರ್ ಮತ್ತು ಸಾಧನ ಮಾತಾಡಿಕೊಳ್ಳುವುದು ಈ ಸಿಸಿ ಮೂಲಕ. ಲ್ಯಾಪ್‌ಟಾಪ್ ಚಾರ್ಜ್ ಆಗುವಾಗ ಕರೆಂಟಿನ ದಾರಿಯಲ್ಲಿ 20 ವೋಲ್ಟ್ ಇರುತ್ತದೆ, ಸಿಸಿ ದಾರಿ ಕೆಲಸ ಮಾಡುವುದು ಐದು ವೋಲ್ಟ್ ಒಳಗೆ. ಮಾಮೂಲಿ ಟೈಪ್ ಸಿ ಪಿನ್ನಿನಲ್ಲಿ ಕರೆಂಟ್ ಮತ್ತು ಗ್ರೌಂಡ್ ಕಾಂಟ್ಯಾಕ್ಟ್‌ಗಳು ಉಳಿದವಕ್ಕಿಂತ ಕೊಂಚ ಉದ್ದ. ಪಿನ್ ನೇರವಾಗಿ ಹೋಗಿ ನೇರವಾಗಿಯೇ ಹೊರಬರುವುದರಿಂದ ಯಾವುದು ಮೊದಲು ತಾಗಬೇಕು, ಯಾವುದು ಮೊದಲು ಬಿಡಬೇಕು ಎಂಬ ಸರದಿ ತಪ್ಪುವುದಿಲ್ಲ. ಮ್ಯಾಗ್ನೆಟಿಕ್ ಹೆಡ್ ಹಾಗಲ್ಲ, ಓರೆಯಾಗಿ ಜಾರಿಕೊಂಡು ಬಿಡುತ್ತದೆ. ಜಾರುವ ಆ ಕ್ಷಣದಲ್ಲಿ 20 ವೋಲ್ಟ್ ಪಕ್ಕದ ಸಿಸಿಗೆ ತಾಗಿದರೆ ಚಾರ್ಜಿಂಗ್ ಚಿಪ್ ಸುಟ್ಟುಹೋಗಬಹುದು, ಆಮೇಲೆ ಮದರ್‌ಬೋರ್ಡ್ ರಿಪೇರಿಯೇ ಗತಿ. ಇಂಥ ಅಯಸ್ಕಾಂತದ ಜೋಡಣೆಯನ್ನು ಯುಎಸ್‌ಬಿ ಮಾನದಂಡ ಎಲ್ಲೂ ರೂಪಿಸಿಲ್ಲ. ಪ್ರತಿ ತಯಾರಕರೂ ತಮಗೆ ತೋಚಿದಂತೆ ಮಾಡುತ್ತಾರೆ.

ಹಾಗಾದರೆ ಆಪಲ್ ಲ್ಯಾಪ್‌ಟಾಪಿನ ಅಯಸ್ಕಾಂತದ ಚಾರ್ಜರ್ ಹೇಗೆ ನಡೆಯುತ್ತಿದೆ ಎಂಬ ಪ್ರಶ್ನೆ ಬರುತ್ತದೆ. 2006ರಲ್ಲಿ ಮ್ಯಾಕ್‌ಬುಕ್ ಪ್ರೋ ಜೊತೆ ಬಂದ ಮ್ಯಾಗ್‌ಸೇಫ್‌ನಲ್ಲಿ ಐದೇ ಕಾಂಟ್ಯಾಕ್ಟ್, ಅವೂ ದೂರ ದೂರ, ಯಾವ ಕಡೆ ತಿರುಗಿಸಿದರೂ ಅದೇ ಸಾಲು. ಲ್ಯಾಪ್‌ಟಾಪ್ ತಾಗಿದೆ ಎಂದು ಖಾತ್ರಿಯಾಗುವವರೆಗೆ ಚಾರ್ಜರ್ ಪೂರ್ತಿ ವೋಲ್ಟೇಜ್ ಬಿಡುವುದೇ ಇಲ್ಲ. 2021ರಲ್ಲಿ ಅದು ಹೊಸ ರೂಪದಲ್ಲಿ ಮರಳಿ ಬಂತು. ಅಂದರೆ ತಪ್ಪು ಅಯಸ್ಕಾಂತದ್ದಲ್ಲ. ಅದಕ್ಕಾಗಿಯೇ ರೂಪಿಸಿದ ಜಾಕ್ ಬೇರೆ, ಬೇರೆ ಕೆಲಸಕ್ಕೆ ಮಾಡಿದ ಜಾಕಿಗೆ ತುಂಡು ಸೇರಿಸುವುದೇ ಬೇರೆ.

ಕೊಳ್ಳುವಾಗ

ಅಂಗಡಿಯಲ್ಲಿ ಮೊದಲು ಹೆಡ್ ತಿರುಗಿಸಿ ಕಾಂಟ್ಯಾಕ್ಟ್ ಎಣಿಸಿ. ದುಂಡಗಿನ ಹೆಡ್ಡಿನಲ್ಲಿ ನಡುವೆ ಒಂದು ಚುಕ್ಕೆ, ಸುತ್ತ ಒಂದು ಬಳೆ ಅಷ್ಟೇ ಇದ್ದರೆ ಅದು ಬರೀ ಕರೆಂಟ್ ಸಾಗಿಸುವ ಕೇಬಲ್. ಟಾರ್ಚ್, ಸ್ಪೀಕರಿಗೆ ಇಷ್ಟು ಸಾಕು, ಫೋನಿಗೆ ಸಾಲದು. ಮಾಮೂಲಿ ಉದ್ದ ಪಿನ್ನಿನ (ಯುಎಸ್‌ಬಿ ಎ) ಅಡಾಪ್ಟರುಗಳಲ್ಲಿ ಡೇಟಾ ತಂತಿಗಳನ್ನು ನೋಡಿಯೇ ಫೋನು ಇದು ಚಾರ್ಜರೋ ಕಂಪ್ಯೂಟರೋ ಎಂದು ತಿಳಿಯುತ್ತದೆ. ಆ ತಂತಿ ಸಿಗದಿದ್ದರೆ ಎಷ್ಟೋ ಫೋನುಗಳು ಕಂಪ್ಯೂಟರ್ ಎಂದುಕೊಂಡು ಅರ್ಧ ಆಂಪಿಯರಿಗಿಂತ ಹೆಚ್ಚು ಎಳೆಯುವುದಿಲ್ಲ. ಹಾಗಾಗಿ ಫೋನಿಗೆ ಡೇಟಾ ಸಾಗಿಸುವಷ್ಟು ಕಾಂಟ್ಯಾಕ್ಟ್ ಇರುವ ಕೇಬಲ್ಲೇ ಬೇಕು. ಪೊಟ್ಟಣದ ಮೇಲೆ ಬರೆದದ್ದನ್ನು ನಂಬುವುದಕ್ಕಿಂತ ಅಲ್ಲೇ ಪರೀಕ್ಷಿಸಿ. ಅಂಗಡಿಯ ಕಂಪ್ಯೂಟರಿಗೆ ಕೇಬಲ್ ಚುಚ್ಚಿ ಫೋನಿಗೆ ತಾಗಿಸಿ. ಫೈಲ್ ಟ್ರಾನ್ಸ್‌ಫರ್ ಬೇಕೇ ಎಂದು ಫೋನ್ ಕೇಳಿದರೆ ಡೇಟಾ ದಾರಿ ಇದೆ ಎಂದರ್ಥ. ಹೆಡ್ಡನ್ನು ಉಲ್ಟಾ ತಿರುಗಿಸಿ ಇನ್ನೊಮ್ಮೆ ತಾಗಿಸಿ. ಒಂದು ಕಡೆ ಮಾತ್ರ ಕೆಲಸ ಮಾಡುವ ಕೇಬಲ್ಲನ್ನು ಅಲ್ಲೇ ಬಿಟ್ಟು ಬನ್ನಿ.

ಹೆಡ್ಡಿನ ಮೇಲೆ ಉರಿಯುವ ನೀಲಿ ಲೈಟ್ ನೋಡಿ ಮೋಸ ಹೋಗಬೇಡಿ. ಅದು ಕೇಬಲ್ಲಿನಲ್ಲಿ ಕರೆಂಟ್ ಇದೆ ಎಂದು ಹೇಳುತ್ತದೆ. ಫೋನ್ ಚಾರ್ಜ್ ಆಗುತ್ತಿದೆಯೋ ಇಲ್ಲವೋ ಎಂಬುದು ಫೋನಿನ ಪರದೆಯಲ್ಲೇ ಕಾಣಬೇಕು.

ಉದ್ದ ಒಂದು ಮೀಟರ್ ಇರಲಿ, ಕೇಬಲ್ ಸ್ವಲ್ಪ ದಪ್ಪವೇ ಇರಲಿ. ಲೆಕ್ಕ ಹೀಗೆ: 24 ಗೇಜಿನ ತಾಮ್ರದ ತಂತಿ ಮೀಟರಿಗೆ ಸುಮಾರು 0.084 ಓಮ್ ತಡೆ ಒಡ್ಡುತ್ತದೆ, ತೆಳುವಾದ 28 ಗೇಜಿನದು 0.21 ಓಮ್. ಕರೆಂಟ್ ಹೋಗಿ ಬರಬೇಕು, ಆದ್ದರಿಂದ ಎರಡರಷ್ಟು. 2 ಆಂಪಿಯರ್ ಹರಿದಾಗ ದಪ್ಪ ತಂತಿಯಲ್ಲಿ ಮೂರನೇ ಒಂದು ವೋಲ್ಟ್ ನಷ್ಟ, ತೆಳು ತಂತಿಯಲ್ಲಿ ಮುಕ್ಕಾಲಕ್ಕೂ ಹೆಚ್ಚು. ಐದು ವೋಲ್ಟಿನಲ್ಲಿ ಅಷ್ಟು ಹೋದರೆ ಫೋನಿಗೆ ತಲುಪುವುದು ನಾಲ್ಕೂ ಚಿಲ್ಲರೆ, ಆಗ ಫೋನ್ ತಾನೇ ಎಳೆತ ಕಡಿಮೆ ಮಾಡುತ್ತದೆ. ಮೂರು ಮೀಟರ್ ಉದ್ದದ ತೆಳು ಕೇಬಲ್ಲಿನಲ್ಲಿ ಚಾರ್ಜ್ ಆಮೆ ನಡಿಗೆಯಲ್ಲಿ ಸಾಗುವುದು ಇದಕ್ಕೇ.

ಉದ್ದ ಪಿನ್ನಿನಿಂದ ಟೈಪ್ ಸಿ ಟಿಪ್ ಇರುವ ಕೇಬಲ್ಲಿನಲ್ಲಿ ಇನ್ನೊಂದು ಕಣ್ಣಿಗೆ ಕಾಣದ ವಿಷಯವಿದೆ. ಸಿಸಿ ದಾರಿಗೆ 56 ಕಿಲೋ ಓಮ್ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ, ಇರಬೇಕು. ಅದರ ಬದಲು 10 ಕಿಲೋ ಓಮ್ ಹಾಕಿದ ಕೇಬಲ್‌ಗಳೂ ಮಾರುಕಟ್ಟೆಗೆ ಬಂದಿದ್ದವು. ಅಂಥದ್ದನ್ನು ಹಾಕಿದರೆ ಚಾರ್ಜರಿಗೆ ತಾಕತ್ತಿಲ್ಲದಿದ್ದರೂ ಫೋನು 3 ಆಂಪಿಯರ್ ಕೇಳುತ್ತದೆ, ಹಳೆಯ ಅಡಾಪ್ಟರ್ ಅಥವಾ ಕಂಪ್ಯೂಟರ್ ಪೋರ್ಟ್ ಬಿಸಿಯಾಗಿ ಕೆಡಬಹುದು. ಗೂಗಲ್ ಎಂಜಿನಿಯರ್ ಬೆನ್ಸನ್ ಲ್ಯೂಂಗ್ 2015ರ ಕೊನೆಯಲ್ಲಿ ಇಂಥ ಕೇಬಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ ಬಯಲಿಗೆಳೆದರು. 2016ರಲ್ಲಿ ತಂತಿ ಅದಲು ಬದಲಾದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಕೆಡಿಸಿತು. ರೆಸಿಸ್ಟರನ್ನು ನಾವು ಬಿಚ್ಚಿ ನೋಡಲಾಗದು. ತಯಾರಕರ ಹೆಸರು, ವಿಳಾಸ, ವಾರಂಟಿ ಯಾವುದೂ ಇಲ್ಲದ ಕೇಬಲ್ಲನ್ನು ದೂರವಿಡುವುದೊಂದೇ ದಾರಿ. ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಕೇಬಲ್ಲಿನಲ್ಲಿ ಏನಾದರೂ ಶಾರ್ಟ್ ಆದರೆ ಕರೆಂಟ್ ನಿಲ್ಲಿಸಿ ಕಾಪಾಡುವುದು ಆ ಅಡಾಪ್ಟರ್ರೇ.

ಟಿಪ್‌ಗಳನ್ನು ಕೇಬಲ್ ಜೊತೆಯಲ್ಲೇ ಕೊಳ್ಳಿ, ಬೇಕಾದ್ದಕ್ಕಿಂತ ಎರಡು ಹೆಚ್ಚೇ ಕೊಳ್ಳಿ. ಒಂದು ಕಂಪನಿಯ ಹೆಡ್ಡಿಗೆ ಇನ್ನೊಂದು ಕಂಪನಿಯ ಟಿಪ್ ಯಾವತ್ತೂ ಹಾಕಬೇಡಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅಯಸ್ಕಾಂತಕ್ಕೆ ಕಂಪನಿ ಗೊತ್ತಿಲ್ಲ, ಎರಡೂ ಲಟಕ್ಕನೆ ಕಚ್ಚಿಕೊಳ್ಳುತ್ತವೆ. ಒಳಗೆ ಕಾಂಟ್ಯಾಕ್ಟಿನ ಸಾಲು ಬೇರೆಯಾಗಿದ್ದರೆ ಕರೆಂಟ್ ಡೇಟಾ ದಾರಿಗೆ ನುಗ್ಗುತ್ತದೆ, ಪ್ಲಸ್-ಮೈನಸ್ ಅದಲು ಬದಲೂ ಆಗಬಹುದು. ಮನೆಯಲ್ಲಿ ಎರಡು ಬಗೆಯ ಕೇಬಲ್ ಇದ್ದರೆ ಒಂದರ ಹೆಡ್ಡಿಗೂ ಟಿಪ್‌ಗಳಿಗೂ ಅಂಚಿನಲ್ಲಿ ಒಂದೇ ಬಣ್ಣದ ಉಗುರು ಬಣ್ಣದ ಚುಕ್ಕೆ ಇಡಿ. ಕಾಂಟ್ಯಾಕ್ಟ್ ಮೇಲೆ ತಾಗದಿರಲಿ.

ಹಳೆಯ ಐಫೋನಿನ ಲೈಟ್ನಿಂಗ್ ಜಾಕಿಗೆ ಕೊಳ್ಳುವವರು ಅಂಗಡಿಯಲ್ಲೇ ಹಾಕಿ ನೋಡಬೇಕು. ಗುರುತಿನ ಚಿಪ್ ಸರಿಯಿಲ್ಲದ ಟಿಪ್ ಹಾಕಿದರೆ ಈ ಆಕ್ಸೆಸರಿಗೆ ಬೆಂಬಲವಿಲ್ಲ ಎಂಬ ಸಂದೇಶ ಬರುತ್ತದೆ. ಐಫೋನ್ 15ರಿಂದ ಮುಂದಕ್ಕೆ ಟೈಪ್ ಸಿ.

ಟಿಪ್ ಕೂರಿಸುವ ಕ್ರಮ

1. ಫೋನ್ ಆಫ್ ಮಾಡಿ. ಬೆಳಕಿಗೆ ಹಿಡಿದು ಜಾಕ್ ಒಳಗೆ ನೋಡಿ. ತಳದಲ್ಲಿ ಬೂದು ಬಣ್ಣದ ಮೆತ್ತೆಯಂತೆ ಕಂಡರೆ ಅದು ಒತ್ತಿ ಒತ್ತಿ ಗಟ್ಟಿಯಾದ ಜೇಬಿನ ನೂಲು.

2. ಮರದ ಟೂತ್‌ಪಿಕ್ಕಿನ ಮೊನೆಯನ್ನು ಬ್ಲೇಡಿನಿಂದ ಚಪ್ಪಟೆಯಾಗಿ ಸವರಿ, ಜಾಕಿನ ಗೋಡೆ ಪಕ್ಕದಲ್ಲಿ ಇಳಿಸಿ ನೂಲನ್ನು ಮೆಲ್ಲಗೆ ಹೊರಗೆಳೆಯಿರಿ. ನಡುವಿನ ನಾಲಿಗೆಯಂಥ ಪಟ್ಟಿಗೆ ಒತ್ತಡ ಬೀಳಬಾರದು. ಸೇಫ್ಟಿ ಪಿನ್ನು, ಸೂಜಿ ಬೇಡವೇ ಬೇಡ. ಬಾಯಲ್ಲಿ ಊದಿದರೆ ಎಂಜಲಿನ ತೇವ ಒಳಗೆ ಹೋಗುತ್ತದೆ, ರಬ್ಬರ್ ಬಲ್ಬಿನ ಬ್ಲೋವರ್ ಬಳಸಿ.

3. ಟಿಪ್ಪನ್ನು ನೇರವಾಗಿ ಹಿಡಿದು ಒತ್ತಿ. ಮೈಕ್ರೋ ಯುಎಸ್‌ಬಿ ಆದರೆ ಅಗಲದ ಬದಿ ಯಾವುದೆಂದು ನೋಡಿಕೊಳ್ಳಿ. ಟೈಪ್ ಸಿ ಟಿಪ್ ಎರಡೂ ಕಡೆ ಹೋಗುತ್ತದೆ. ಒಂದು ಸಣ್ಣ ಟಕ್ ಸದ್ದಿನೊಂದಿಗೆ ಕೂತು ಫೋನಿನ ಅಂಚಿಗೆ ಒತ್ತಿಕೊಂಡಿರಬೇಕು. ನಡುವೆ ಕಾಗದ ತೂರುವಷ್ಟು ಸಂದಿದ್ದರೆ ನೂಲು ಇನ್ನೂ ಉಳಿದಿದೆ, ಮತ್ತೆ ತೆಗೆದು ಶುಚಿ ಮಾಡಿ.

4. ಬ್ಯಾಕ್ ಕವರ್ ಹಾಕಿ ನೋಡಿ. ದಪ್ಪ ರಬ್ಬರ್ ಕವರಿನ ಕಿಂಡಿ ಚಿಕ್ಕದಾಗಿದ್ದರೆ ಹೆಡ್ ಅದಕ್ಕೆ ತಗುಲಿ ಒಂದು ಬದಿ ಎದ್ದು ನಿಲ್ಲುತ್ತದೆ. ಕಿಂಡಿಯ ಸುತ್ತ ಎರಡು ಮಿಲಿಮೀಟರ್ ಕತ್ತರಿಸಿದರೆ ಸರಿಹೋಗುತ್ತದೆ.

ಟಿಪ್ ತೆಗೆಯಬೇಕಾದಾಗ ಅದರ ಕಿವಿಯಂಥ ಅಂಚಿಗೆ ಉಗುರು ಕೊಟ್ಟು ನೇರ ಎಳೆಯಿರಿ, ಅಥವಾ ಪೊಟ್ಟಣದ ಜೊತೆ ಕೊಟ್ಟ ಕೊಕ್ಕೆ ಬಳಸಿ. ಇಕ್ಕಳದಲ್ಲಿ ಹಿಡಿದು ಆಚೀಚೆ ಅಲ್ಲಾಡಿಸಿದರೆ ಯಾವ ಜಾಕನ್ನು ಉಳಿಸಲು ಹೊರಟೆವೋ ಅದನ್ನೇ ಮುರಿದಂತಾಗುತ್ತದೆ.

ಮೊದಲ ಚಾರ್ಜ್‌ನಲ್ಲೇ ಪರೀಕ್ಷೆ

ಫೋನ್ ಶೇಕಡಾ 30ಕ್ಕೆ ಇಳಿದಾಗ ಹಳೆಯ ಕೇಬಲ್ಲಿನಲ್ಲಿ 20 ನಿಮಿಷ ಚಾರ್ಜ್ ಮಾಡಿ, ಪರದೆ ಆರಿಸಿಡಿ, ಎಷ್ಟು ಏರಿತು ಬರೆದಿಟ್ಟುಕೊಳ್ಳಿ. ಇನ್ನೊಂದು ದಿನ ಅದೇ ಅಡಾಪ್ಟರ್, ಅದೇ ಶೇಕಡಾ 30ರಿಂದ ಮ್ಯಾಗ್ನೆಟಿಕ್ ಕೇಬಲ್ಲಿನಲ್ಲಿ 20 ನಿಮಿಷ. 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆ ಶಕ್ತಿ ಹಿಡಿಸುತ್ತದೆ. 10 ವ್ಯಾಟ್ ಸರಿಯಾಗಿ ತಲುಪುತ್ತಿದ್ದರೆ 20 ನಿಮಿಷಕ್ಕೆ 13ರಿಂದ 15 ಶೇಕಡಾ ಏರಬೇಕು. 7ರ ಆಸುಪಾಸಿನಲ್ಲಿ ನಿಂತರೆ 5 ವ್ಯಾಟ್ ಮಾತ್ರ ಬರುತ್ತಿದೆ.

ಯುಎಸ್‌ಬಿ ಮೀಟರ್ ಎಂಬ ಬೆರಳುದ್ದದ ಸಾಧನ ಸಿಕ್ಕರೆ ಇನ್ನೂ ಒಳ್ಳೆಯದು. ಅಡಾಪ್ಟರ್ ಮತ್ತು ಕೇಬಲ್ ನಡುವೆ ಚುಚ್ಚಿ ಆಂಪಿಯರ್ ಓದಿ. ಅದು ತೋರಿಸುವ ವೋಲ್ಟ್ ಅಡಾಪ್ಟರ್ ಬಾಯಿಯದು. ಕೇಬಲ್ಲಿನಲ್ಲಿ ಆದ ನಷ್ಟ ಅದರಲ್ಲಿ ಕಾಣುವುದಿಲ್ಲ, ಹಾಗಾಗಿ ಆಂಪಿಯರನ್ನೇ ನಂಬಿ. ಎರಡು ಆಂಪಿಯರ್ ಅಡಾಪ್ಟರಿನಲ್ಲಿ ಒಂದೂವರೆಯ ಸುತ್ತ ಬಂದರೆ ಕೇಬಲ್ ಚೆನ್ನಾಗಿದೆ. 0.5ಕ್ಕೆ ಅಂಟಿಕೊಂಡಿದ್ದರೆ ಡೇಟಾ ಕಾಂಟ್ಯಾಕ್ಟ್ ತಾಗಿಲ್ಲ. ಮುಳ್ಳು ಏರುತ್ತಾ ಇಳಿಯುತ್ತಾ ಕುಣಿಯುವಂತೆ ಅಂಕಿ ಬದಲಾಗುತ್ತಿದ್ದರೆ ಹೆಡ್ ಸರಿಯಾಗಿ ಕೂತಿಲ್ಲ.

ಹತ್ತು ನಿಮಿಷದ ಮೇಲೆ ಹೆಡ್ ಮುಟ್ಟಿ ನೋಡಿ. ಉಗುರು ಬೆಚ್ಚಗಿದ್ದರೆ ಚಿಂತೆಯಿಲ್ಲ. ಐದು ಸೆಕೆಂಡ್ ಬೆರಳಿಡಲಾಗದಷ್ಟು ಬಿಸಿಯಾದರೆ ತಕ್ಷಣ ಸ್ವಿಚ್ ಆರಿಸಿ. ಕೊಳೆ ಕೂತ ಕಾಂಟ್ಯಾಕ್ಟ್ ಬರೀ 0.1 ಓಮ್ ತಡೆ ಒಡ್ಡಿದರೂ 3 ಆಂಪಿಯರಿನಲ್ಲಿ 0.9 ವ್ಯಾಟ್ ಶಾಖ ಹುಟ್ಟುತ್ತದೆ. ಕರೆಂಟ್ ಇಮ್ಮಡಿಯಾದರೆ ಶಾಖ ನಾಲ್ಮಡಿ. ಬೇಳೆಕಾಳಿನಷ್ಟು ಜಾಗದಲ್ಲಿ ಅಷ್ಟು ಶಾಖ ಸೇರಿದರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಇಂಥ ಹೆಡ್ಡುಗಳಲ್ಲಿ ಬಳಸುವ ಸಾಮಾನ್ಯ ದರ್ಜೆಯ ನಿಯೋಡಿಮಿಯಮ್ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಿಡಿತ ಕಳೆದುಕೊಳ್ಳತೊಡಗುತ್ತದೆ. ಹಿಡಿತ ಸಡಿಲವಾದರೆ ತಡೆ ಹೆಚ್ಚು, ತಡೆ ಹೆಚ್ಚಾದರೆ ಇನ್ನೂ ಬಿಸಿ. ವಿಶ್ವೇಶ್ವರಯ್ಯ ನಾಲೆಯಲ್ಲಿ ಎಷ್ಟೇ ನೀರಿದ್ದರೂ ತೂಬಿಗೆ ಕಸ ಕಟ್ಟಿಕೊಂಡರೆ ಗದ್ದೆಗೆ ನೀರು ಬಾರದು. ಇಲ್ಲಿಯೂ ಅಡಾಪ್ಟರ್ ದೊಡ್ಡದಾದ ಮಾತ್ರಕ್ಕೆ ಏನೂ ಆಗದು, ಎಲ್ಲ ನಿಂತಿರುವುದು ಆ ನಾಲ್ಕೈದು ಚುಕ್ಕೆಗಳ ಮೇಲೆ.

ದಿನನಿತ್ಯದ ಬಳಕೆ

ನಮ್ಮ ಮನೆಗಳ ಪ್ಲಗ್ ಪಾಯಿಂಟಿಗೆಲ್ಲ ಸ್ವಿಚ್ ಇದೆ, ಅದನ್ನು ಬಳಸಿಕೊಳ್ಳಿ. ಮೊದಲು ಹೆಡ್ ತಾಗಿಸಿ, ಆಮೇಲೆ ಸ್ವಿಚ್ ಹಾಕಿ. ತೆಗೆಯುವಾಗ ಸ್ವಿಚ್ ಆರಿಸಿ, ಆಮೇಲೆ ಹೆಡ್ ಬಿಡಿಸಿ. ಕರೆಂಟ್ ಇರುವಾಗಲೇ ತಾಗಿಸಿ ಬಿಡಿಸಿ ಮಾಡುತ್ತಿದ್ದರೆ ಪ್ರತಿ ಸಲ ಕಣ್ಣಿಗೆ ಕಾಣದ ಕಿಡಿ ಹಾರಿ ಕಾಂಟ್ಯಾಕ್ಟಿನ ತೆಳುವಾದ ಚಿನ್ನದ ಲೇಪ ಸವೆಯುತ್ತದೆ.

ಫೋನ್ ಇಲ್ಲದಿದ್ದರೂ ಉದ್ದ ಪಿನ್ನಿನ ಅಡಾಪ್ಟರ್ ಕೇಬಲ್ ತುದಿಗೆ 5 ವೋಲ್ಟ್ ಕಳಿಸುತ್ತಲೇ ಇರುತ್ತದೆ. ಆ ಬಿಡಿ ಹೆಡ್ ಕಬ್ಬಿಣದ ಮಂಚಕ್ಕೋ, ಬೀರುವಿಗೋ, ಹಾಸಿಗೆ ಮೇಲೆ ಬಿದ್ದ ಕೂದಲಿನ ಪಿನ್ನಿಗೋ, ಸ್ಕೂಟರ್ ಕೀಗೋ ಕಚ್ಚಿಕೊಂಡರೆ ಪ್ಲಸ್-ಮೈನಸ್ ಶಾರ್ಟ್ ಆಗುತ್ತದೆ. ಒಳ್ಳೆಯ ಅಡಾಪ್ಟರ್ ಕಟ್ ಆಗುತ್ತದೆ, ಕಳಪೆಯದು ಬಿಸಿಯಾಗುತ್ತದೆ. ಮೈಗೆ ಶಾಕ್ ಹೊಡೆಯುವಷ್ಟು ವೋಲ್ಟೇಜ್ ಅಲ್ಲ, ಆದರೆ ಹಾಸಿಗೆ ಮೇಲೆ ಬಿಸಿಯಾದ ಕೂದಲ ಪಿನ್ನು ಬಟ್ಟೆ ಸುಡುತ್ತದೆ. ಕರೆಂಟ್ ಹೋಗಿದೆ ಎಂದು ಕೇಬಲ್ಲನ್ನು ಹಾಗೇ ಬಿಟ್ಟು ಹೋಗುವವರು ಸ್ವಿಚ್ ಆರಿಸಲು ಮರೆಯಬೇಡಿ, ಯಾರೂ ಇಲ್ಲದ ಹೊತ್ತಿನಲ್ಲಿ ಕರೆಂಟ್ ಮರಳಿ ಬರುತ್ತದೆ.

ಬೈಕಿನ ಹ್ಯಾಂಡಲ್‌ನಲ್ಲಿ ಫೋನ್ ಸಿಕ್ಕಿಸಿಕೊಂಡು ಮ್ಯಾಪ್ ನೋಡುವವರಿಗೆ ಇದು ಅಷ್ಟಾಗಿ ಹೊಂದುವುದಿಲ್ಲ. ಹಂಪ್ ಹಾರಿದಾಗೆಲ್ಲ ಹೆಡ್ ಅರೆಕ್ಷಣ ಬಿಟ್ಟು ಹಿಡಿಯುತ್ತದೆ, ಚಾರ್ಜಿಂಗ್ ನಿಂತು ಶುರುವಾಗಿ ಕಾಂಟ್ಯಾಕ್ಟ್ ಬೇಗ ಕಪ್ಪಾಗುತ್ತದೆ. ಮಳೆಯಲ್ಲಂತೂ ಬೇಡವೇ ಬೇಡ. ಕಾರಿನಲ್ಲಿ ಚಾರ್ಜಿಗೆ ಅಡ್ಡಿಯಿಲ್ಲ, ತಂತಿ ಮೂಲಕ ಆಂಡ್ರಾಯ್ಡ್ ಆಟೋ ಬಳಸುವವರು ಮಾಮೂಲಿ ಕೇಬಲ್ ಇಟ್ಟುಕೊಳ್ಳಿ.

ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹೆಡ್ಡನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳಬಾರದು, ಕನಿಷ್ಠ 15 ಸೆಂಟಿಮೀಟರ್ ದೂರವಿರಲಿ, ತಮ್ಮ ವೈದ್ಯರನ್ನು ಕೇಳಿಕೊಳ್ಳಲಿ. ಬಿಡಿ ಟಿಪ್‌ಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಒಂದಕ್ಕಿಂತ ಹೆಚ್ಚು ಅಯಸ್ಕಾಂತ ಹೊಟ್ಟೆಗೆ ಹೋದರೆ ಅವು ಕರುಳಿನ ಪದರಗಳನ್ನು ನಡುವೆ ಸಿಕ್ಕಿಸಿಕೊಂಡು ಕಚ್ಚಿಕೊಳ್ಳುತ್ತವೆ, ಕರುಳು ತೂತಾಗುತ್ತದೆ. ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ನಾಳೆ ನೋಡೋಣ ಎನ್ನದೆ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಆ ಕ್ಷಣವೇ ಕರೆದೊಯ್ಯಿರಿ.

ಶುಚಿ

ಅಯಸ್ಕಾಂತದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದರೆ ಇದರ ನಿಜವಾದ ಶತ್ರು ಕಾಣುತ್ತಾನೆ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿಯ ಲೇತ್ ಮತ್ತು ವೆಲ್ಡಿಂಗ್ ಶೆಡ್ಡುಗಳಲ್ಲಿ ಒಂದು ದಿನ ಬಿಟ್ಟ ಹೆಡ್ಡಿನ ಅಂಚಿನ ಸುತ್ತ ಕಬ್ಬಿಣದ ಪುಡಿ ರೋಮದಂತೆ ಎದ್ದು ನಿಂತಿರುತ್ತದೆ, ಅದರ ಎಳೆಗಳು ಒಂದು ಚುಕ್ಕೆಯಿಂದ ಇನ್ನೊಂದು ಚುಕ್ಕೆಗೆ ಸೇತುವೆ ಕಟ್ಟಿರುತ್ತವೆ. ಅಂಥ ಕಡೆ ಈ ಕೇಬಲ್ ಬಳಸಲೇಬಾರದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಹೊಲದ ಬದುವಿನ ಮೇಲೆ ಇಟ್ಟ ಫೋನಿಗೂ ಇದೇ ಪಾಡು, ನಮ್ಮ ಕೆಮ್ಮಣ್ಣಿನಲ್ಲಿ, ಹೊಳೆ ಮರಳಿನಲ್ಲಿ ಅಯಸ್ಕಾಂತಕ್ಕೆ ಅಂಟುವ ಸಣ್ಣ ಕಪ್ಪು ಕಣಗಳಿರುತ್ತವೆ. ಅಗರಬತ್ತಿ ಹೊಸೆಯುವ ಮನೆಗಳಲ್ಲಿ ಇದ್ದಿಲ ಪುಡಿ ತೆಳುವಾದ ಪದರವಾಗಿ ಕೂರುತ್ತದೆ. ಆಲೆಮನೆಯಲ್ಲಿ ಕೈಗಂಟಿದ ಬೆಲ್ಲದ ಪಾಕ ಹೆಡ್ಡಿಗೆ ತಾಗಿ ಒಣಗಿದರೆ ಕಾಂಟ್ಯಾಕ್ಟ್ ಒಳಗೆ ಇಳಿದು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಮನೆಯಲ್ಲಾದರೆ ವಾರಕ್ಕೊಮ್ಮೆ, ಧೂಳಿನ ಕಡೆ ದಿನಾ ಶುಚಿ ಮಾಡಿ. ಸ್ವಿಚ್ ಆರಿಸಿ, ಹೆಡ್ ಮುಖಕ್ಕೆ ಸೆಲ್ಲೋ ಟೇಪಿನ ಅಂಟು ಬದಿಯನ್ನು ಒತ್ತಿ ಕಿತ್ತುಬಿಡಿ. ಹೊಸ ಹೊಸ ತುಂಡಿನಲ್ಲಿ ನಾಲ್ಕೈದು ಸಲ ಮಾಡಿದರೆ ಕಬ್ಬಿಣದ ಪುಡಿ ಬರುತ್ತದೆ. ಬ್ರಷ್ಷಿನಲ್ಲಿ ಉಜ್ಜಿದರೆ ಅಯಸ್ಕಾಂತ ಅದನ್ನು ಪುನಃ ಎಳೆದುಕೊಳ್ಳುತ್ತದೆ, ಆದ್ದರಿಂದ ಟೇಪ್ ಮೊದಲು, ಬ್ರಷ್ ಆಮೇಲೆ. ಜಿಡ್ಡು, ಬೆಲ್ಲ, ಬೆವರಿನ ಕಲೆಗೆ ರಿಪೇರಿ ಅಂಗಡಿಯವರು ಬಳಸುವ ಐಪಿಎ, ಅಂದರೆ ಶೇಕಡಾ 90ಕ್ಕೂ ಹೆಚ್ಚಿನ ಐಸೋಪ್ರೊಪೈಲ್ ಆಲ್ಕೊಹಾಲ್, ಎರಡು ಹನಿ ಹತ್ತಿಕಡ್ಡಿಗೆ ಹಾಕಿ ಒರೆಸಿ, ಹತ್ತು ನಿಮಿಷ ಒಣಗಲು ಬಿಡಿ. ಸ್ಯಾನಿಟೈಸರ್ ಬೇಡ, ಅದರಲ್ಲಿನ ನೀರು ಮತ್ತು ಗ್ಲಿಸರಿನ್ ಉಳಿದುಬಿಡುತ್ತವೆ. ಪೆಟ್ರೋಲ್, ಸೀಮೆಎಣ್ಣೆಯೂ ಬೇಡ.

ಸ್ಪ್ರಿಂಗ್ ಇರುವ ಕಾಂಟ್ಯಾಕ್ಟ್‌ಗಳನ್ನು ಟೂತ್‌ಪಿಕ್ಕಿನಿಂದ ಒಂದೊಂದಾಗಿ ಒತ್ತಿ ನೋಡಿ, ಒತ್ತಿದಷ್ಟೇ ಚುರುಕಾಗಿ ಮೇಲೆ ಬರಬೇಕು. ಒಂದು ಚುಕ್ಕೆ ಮಾತ್ರ ಕಂದು ಅಥವಾ ಕಪ್ಪಾಗಿ, ಸುತ್ತ ಹಸಿರು ಕಟ್ಟಿದ್ದರೆ ತೇವದಲ್ಲಿ ಕರೆಂಟ್ ಹರಿದು ಲೋಹ ಕರಗಿದೆ ಎಂದರ್ಥ. ಎಮರಿ ಪೇಪರಿನಲ್ಲಿ ಉಜ್ಜಿ ಹೊಳೆಸಲು ಹೋಗಬೇಡಿ. ಉಳಿದ ಲೇಪವೂ ಹೋಗಿ ವಾರದಲ್ಲಿ ಮತ್ತೆ ಕಪ್ಪಾಗುತ್ತದೆ. ಆ ಹೆಡ್ಡಿನ ಆಯಸ್ಸು ಮುಗಿದಿದೆ.

ಸ್ಮಾರ್ಟ್ ವಾಚಿನ ಮಾತು

ವಾಚಿನ ಜೊತೆ ಬರುವ ಎರಡು ಚುಕ್ಕೆಯ ಅಯಸ್ಕಾಂತದ ಕೇಬಲ್ ಕಳೆದುಹೋದಾಗ ಅಂಗಡಿಯವರು ಕೊಟ್ಟದ್ದನ್ನು ಹಾಗೇ ತರಬೇಡಿ. ಎರಡು ಚುಕ್ಕೆಗಳ ನಡುವಿನ ಅಂತರ ಮುಖ್ಯ. 2.84 ಮಿಲಿಮೀಟರ್ ಮತ್ತು 4 ಮಿಲಿಮೀಟರ್ ಹೆಚ್ಚಾಗಿ ಸಿಗುವ ಅಳತೆಗಳು. ಸ್ಕೇಲ್ ಇಟ್ಟು ನಡುವಿನಿಂದ ನಡುವಿಗೆ ಅಳೆಯಿರಿ. ಅಳತೆ ಕೂಡಿದರೂ ಪ್ಲಸ್ ಯಾವ ಕಡೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆಯಾಗಬಹುದು, ಆದ್ದರಿಂದ ನಿಮ್ಮ ಮಾದರಿಯ ಹೆಸರು ಹೇಳಿಯೇ ಕೇಳಿ. ಚಾರ್ಜಿಗೆ ಇಡುವ ಮೊದಲು ವಾಚಿನ ಹಿಂಬದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ಬೆವರಿನ ಉಪ್ಪು ಮತ್ತು 5 ವೋಲ್ಟ್ ಸೇರಿದರೆ ಆ ಚುಕ್ಕೆಗಳು ತಿಂಗಳುಗಳಲ್ಲಿ ತುಕ್ಕು ಹಿಡಿಯುತ್ತವೆ.

ತೊಂದರೆ ಬಂದಾಗ

ಚಾರ್ಜಿಂಗ್ ನಿಧಾನವಾದರೆ ಮೊದಲು ಶುಚಿ ಮಾಡಿ, ಹೆಡ್ ತಿರುಗಿಸಿ ಹಾಕಿ, ಬೇರೆ ಟಿಪ್ ಹಾಕಿ ನೋಡಿ. ಹೊಸ ಟಿಪ್‌ನಲ್ಲಿ ಸರಿಯಾದರೆ ಹಳೆಯ ಟಿಪ್ ಎಸೆಯಿರಿ. ಯಾವ ಟಿಪ್ ಹಾಕಿದರೂ ಅಷ್ಟೇ ಎಂದರೆ ಹೆಡ್ ಬಳಿ ಕೇಬಲ್ ಒಳಗೆ ತಂತಿ ತುಂಡಾಗಿದೆ. ಆ ಜಾಗದಲ್ಲಿ ಬೆರಳಿನಿಂದ ಬಗ್ಗಿಸಿದಾಗ ಲೈಟ್ ಮಿಣುಕುವುದೇ ಗುರುತು.

ಚಾರ್ಜ್ ಹತ್ತುತ್ತಾ ಬಿಡುತ್ತಾ ಇದ್ದರೆ ಕವರ್ ತೆಗೆದು ಪರೀಕ್ಷಿಸಿ. ಆಗಲೂ ಹಾಗೇ ಇದ್ದರೆ ಟಿಪ್ ತೆಗೆದು ಮಾಮೂಲಿ ಕೇಬಲ್ ಚುಚ್ಚಿ. ಅದರಲ್ಲೂ ಬಿಟ್ಟು ಹಿಡಿಯುತ್ತಿದ್ದರೆ ಸಡಿಲವಾಗಿರುವುದು ಜಾಕ್. ಜಾಕ್ ಹೋದ ಮೇಲೆ ಟಿಪ್ ಹಾಕಿದರೆ ಕೆಲವು ದಿನ ನಡೆಯುತ್ತದೆ, ಏಕೆಂದರೆ ಟಿಪ್ ಅಲುಗಾಡುವುದಿಲ್ಲ. ಅಷ್ಟರಲ್ಲಿ ರಿಪೇರಿಗೆ ದಾರಿ ಮಾಡಿಕೊಳ್ಳಿ.

ಜಾಕಿನಲ್ಲಿ ನೀರಿದೆ ಎಂದು ಫೋನ್ ಎಚ್ಚರಿಸಿದರೆ ಟಿಪ್ಪನ್ನು ಕೂಡಲೇ ಹೊರಗೆ ತೆಗೆಯಿರಿ. ಮಳೆಯಲ್ಲಿ ನೆನೆದು ಬಂದ ದಿನವೂ ಅಷ್ಟೆ, ಧೂಳು ತಡೆಯುವ ಟಿಪ್ಪೇ ಆಗ ನೀರನ್ನು ಒಳಗೆ ಹಿಡಿದಿಡುತ್ತದೆ. ಜಾಕ್ ಬಾಯಿ ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನ್ ಗಾಳಿಗೆ ಇಡಿ. ಪೂರ್ತಿ ಒಣಗುವವರೆಗೆ ಟಿಪ್ಪೂ ಬೇಡ, ಚಾರ್ಜೂ ಬೇಡ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಹೊಟ್ಟಿನ ಪುಡಿ ಜಾಕಿಗೆ ಹೋಗುವುದಷ್ಟೇ ಲಾಭ.

ಸುಟ್ಟ ವಾಸನೆ ಬಂದರೆ, ಟಿಪ್ಪಿನ ಪ್ಲಾಸ್ಟಿಕ್ ಹಳದಿಯಾಗಿದ್ದರೆ ಆ ಕೇಬಲ್ಲನ್ನು ಇನ್ನೊಂದು ಸಾಧನಕ್ಕೆ ಹಾಕಿ ನೋಡುವ ಸಾಹಸ ಬೇಡ. ಹೆಡ್ ಕತ್ತರಿಸಿ ಇ-ತ್ಯಾಜ್ಯಕ್ಕೆ ಹಾಕಿ. ಫೋನನ್ನು ರಿಪೇರಿಗೆ ಒಯ್ಯುವಾಗ ಆ ಟಿಪ್ಪನ್ನೂ, ಬಳಸುತ್ತಿದ್ದ ಅಡಾಪ್ಟರನ್ನೂ ಜೊತೆಗೆ ಒಯ್ದು ತೋರಿಸಿ. ಟಿಪ್ಪಿನ ಯಾವ ಚುಕ್ಕೆ ಕಪ್ಪಾಗಿದೆ ಎಂದು ನೋಡಿದರೆ ಬರೀ ಜಾಕ್ ಬದಲಿಸಿದರೆ ಸಾಕೋ, ಚಾರ್ಜಿಂಗ್ ಚಿಪ್ಪನ್ನೂ ನೋಡಬೇಕೋ ಎಂದು ರಿಪೇರಿಯವರಿಗೆ ಅಂದಾಜು ಸಿಗುತ್ತದೆ.